ಅಗ್ಗವೆಂಬ ಬಿರುದು

ನಮ್ಮ ಬೆಂಗಳೂರಿನ ಹೆಸರು ಆಂಗ್ಲಭಾಷೆಯಲ್ಲಿ ಒಂದು ಕ್ರಿಯಾಪದವಾಗಿ ಪರಿಣಮಿಸಿದ ಸಂಗತಿಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಸುಮಾರು 2004ರ ವೇಳೆಗೆ ಅಮೆರಿಕದಲ್ಲಿ ಒಬ್ಬನ ಕೆಲಸವನ್ನು ಕಿತ್ತು ಕಡಮೆ ಸಂಬಳದ ಪರದೇಶೀಯನಿಗೆ ಒಪ್ಪಿಸಿದರೆ, ಆತನು ‘ಬ್ಯಾಂಗಲೋರ್ಡ್’ ಆದನೆಂದು ಅಲ್ಲಿಯವರು ಹೇಳತೊಡಗಿದ್ದರು. 2009ರ ಮೇ ತಿಂಗಳಲ್ಲಿ ಅಧ್ಯಕ್ಷ ಒಬಾಮಾ ಅವರು ತೆರಿಗೆಯ ವಿಷಯವಾಗಿ ಮಾತನಾಡುತ್ತ, ತಮ್ಮ ಬಫೆಲೋ ಪಟ್ಟಣದಲ್ಲಿ ಉದ್ಯೋಗ ಕಲ್ಪಿಸುವವನಿಗಿಂತ ಬೆಂಗಳೂರಿನಲ್ಲಿ ಕಲ್ಪಿಸುವವನಿಗೆ ಕಡಮೆ ತೆರಿಗೆ ಬೀಳುವುದೆಂದು ಆಕ್ಷೇಪಿಸಿದರು. ಆಗ ನಮ್ಮೂರಿನ ವಿದ್ಯಾವಂತ ಕುಟುಂಬಗಳಲ್ಲಿ ಉಂಟಾದ ಭಾವನೆ ಯಾವುದು? ಹೆಮ್ಮೆ! ನಮ್ಮ ಮಕ್ಕಳು ಬುದ್ಧಿವಂತರು, ಆದುದರಿಂದಲೇ ಕೆಲಸವು ಏಳು ಸಮುದ್ರ ದಾಟಿ ಇಲ್ಲಿಗೆ ಬರುತ್ತದೆ ಎಂದು ಎಲ್ಲರೂ ಹೇಳಿಕೊಂಡರು. ಬುದ್ಧಿವಂತರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಫೆಲೋದ ಹುಡುಗರೇನು ದಡ್ಡರಾಗಿದ್ದರೆ? ಬುದ್ಧಿಗೆ ಎಲ್ಲಿ ಬೆಲೆ ಕಡಮೆಯೋ ಅಲ್ಲಿಗೆ ಕೆಲಸವು ಬಂದಿತು. ಅಗ್ಗವೆಂದು ಕರೆದದ್ದನ್ನು ನಮ್ಮವರು ಬಿರುದೆಂದು ಭಾವಿಸಿ ಕೊರಳಿಗೆ ಕಟ್ಟಿಕೊಂಡರು.

ಈಗ ಅದೇ ಮನೆಗಳಲ್ಲಿ ಬೇರೆ ಮಾತು ಕೇಳಿಬರುತ್ತಿರುವುದು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಮುಂತಾದೆಡೆ ಹುಟ್ಟಿ ಬೆಳೆದು, ತಂದೆಯ ಉಳಿತಾಯವನ್ನೆಲ್ಲ ಶುಲ್ಕಕ್ಕೆ ತೆತ್ತು ಪದವಿ ಪಡೆದ ಹುಡುಗನಿಗೆ, ಮಹಡಿಯ ಮೇಲೆ ನಿಂತರೆ ಕಾಣುವ ಗಾಜಿನ ಸೌಧಗಳಲ್ಲಿ ಪ್ರವೇಶವಿಲ್ಲ. ಹೊರಗಿನಿಂದ ಬಂದವರು ಕಡಮೆ ಸಂಬಳಕ್ಕೆ ಒಪ್ಪಿ ಅವನ್ನು ತುಂಬಿಕೊಂಡರು ಎಂಬುದೇ ಆ ಮಾತು. 2023ರಿಂದ ಮೆಟ್ರೋ ರೈಲು ಕೃಷ್ಣರಾಜಪುರವನ್ನು ದಾಟಿ ವೈಟ್‌ಫೀಲ್ಡಿನವರೆಗೆ ಓಡುತ್ತಿರುವುದಷ್ಟೆ. ಬೆಳಗಿನ ಒಂಬತ್ತು ಗಂಟೆಗೆ ಅದರಲ್ಲಿ ನಿಂತು ನೋಡಿದವರಿಗೆ ಈ ದೂರು ಕೇವಲ ಕಲ್ಪನೆಯಲ್ಲವೆಂದು ತೋರುವುದು. (ದಂಡಿನ ಪ್ರದೇಶದಲ್ಲಿ ಹತ್ತು ಭಾಷೆಗಳು ಕಿವಿಗೆ ಬೀಳುವುದು 1809ರಲ್ಲಿ ದಂಡು ಬಂದಿಳಿದ ಕಾಲದಿಂದಲೂ ಇದ್ದದ್ದೇ. ಅದಿರಲಿ.) ದೂರಿನಲ್ಲಿ ನೋವಿದೆ, ಸತ್ಯಾಂಶವೂ ಇದೆ. ಅದು ಹೋಗಿ ಮುಟ್ಟುತ್ತಿರುವ ವಿಳಾಸ ಮಾತ್ರ ತಪ್ಪು.

ಇದಕ್ಕೆ ಕಂಪೆನಿಯವರ ಉತ್ತರವನ್ನು ಮೊದಲು ವಿಚಾರಿಸೋಣ. 2024ರ ಜುಲೈ ತಿಂಗಳಲ್ಲಿ ಕರ್ನಾಟಕದ ಮಂತ್ರಿಮಂಡಲವು ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕೈಗಾರಿಕೆಗಳಲ್ಲಿಯೂ ಇತರ ಸಂಸ್ಥೆಗಳಲ್ಲಿಯೂ ಆಡಳಿತವರ್ಗದ ಹುದ್ದೆಗಳಲ್ಲಿ ನೂರಕ್ಕೆ 50ನ್ನೂ ಉಳಿದ ಹುದ್ದೆಗಳಲ್ಲಿ ನೂರಕ್ಕೆ 70ನ್ನೂ ಸ್ಥಳೀಯರಿಗೆ ಕೊಡತಕ್ಕದ್ದೆಂದು ಅದರ ತಾತ್ಪರ್ಯ. ಒಡನೆಯೇ ಸಾಫ್ಟ್‌ವೇರು ಉದ್ಯಮಿಗಳ ಸಂಘವಾದ ನ್ಯಾಸ್‌ಕಾಮ್, ಕುಶಲರಾದ ಸ್ಥಳೀಯರು ಸಾಲದೆ ಬಂದು ಕಂಪೆನಿಗಳು ಊರು ಬಿಡಬೇಕಾದೀತೆಂದು ಎಚ್ಚರಿಸಿತು. ಆಂಧ್ರದ ಮಂತ್ರಿ ನಾರಾ ಲೋಕೇಶರು ವಿಶಾಖಪಟ್ಟಣಕ್ಕೆ ಬನ್ನಿರೆಂದು ಬಹಿರಂಗವಾಗಿ ಕರೆ ಕಳುಹಿಸಿದರು. 17ನೆಯ ತಾರೀಖಿನೊಳಗೆ ಮಸೂದೆಯು ತಡೆಹಿಡಿಯಲ್ಪಟ್ಟಿತು. ಮದುವೆಯ ಚಪ್ಪರವಾದರೂ ಇದಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ.

‘ಇಲ್ಲಿ ತಕ್ಕವರು ಸಿಕ್ಕುವುದಿಲ್ಲ’ ಎಂಬ ಈ ವಾಕ್ಯವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಇದೇ ಉದ್ಯಮವು ಇದೇ ವಾಕ್ಯವನ್ನು ವಾಷಿಂಗ್ಟನ್ ನಗರದಲ್ಲಿ ಅಮೆರಿಕದ ಪದವೀಧರರನ್ನು ಕುರಿತು ಹೇಳಿಕೊಂಡು ಬಂದಿರುತ್ತದೆ. ಹೆಚ್-1ಬಿ ಎಂಬ ರಹದಾರಿ ಏರ್ಪಟ್ಟದ್ದು ಅಲ್ಲಿ ದೊರೆಯದ ವಿಶೇಷ ಕುಶಲರನ್ನು ಕರೆತರುವುದಕ್ಕೆ. ಅದು ಹೇಗೆ ಬಳಕೆಯಾಯಿತೆಂಬುದಕ್ಕೆ ಫ್ಲಾರಿಡಾದ ಡಿಸ್ನಿ ಸಂಸ್ಥೆಯ ಪ್ರಕರಣವೊಂದು ಸಾಕು. 2014ರ ಕೊನೆಯಲ್ಲಿ ಅಲ್ಲಿಯ ಸುಮಾರು 250 ಮಂದಿ ಕಂಪ್ಯೂಟರು ನೌಕರರಿಗೆ ಕೆಲಸ ಹೋಗುವುದೆಂದು ತಿಳಿಸಲಾಯಿತು. ಬಹುಮಟ್ಟಿಗೆ ಭಾರತೀಯ ಗುತ್ತಿಗೆ ಕಂಪೆನಿಗಳ ಮೂಲಕ ಬಂದವರು ಅವರ ಸ್ಥಾನಕ್ಕೆ ನಿಯೋಜಿತರಾದರು. ಹೊರಡುವವರಲ್ಲಿ ಅನೇಕರು ಕೊನೆಯ ತಿಂಗಳುಗಳನ್ನು ಕಳೆದದ್ದು ಹೊಸಬರಿಗೆ ತಮ್ಮ ಕೆಲಸವನ್ನು ಕಲಿಸಿಕೊಡುವುದರಲ್ಲಿ! ಕಲಿಸುವವನು ಅಯೋಗ್ಯ, ಕಲಿಯುವವನು ವಿಶೇಷ ಕುಶಲ ಎಂಬ ಈ ವಿಚಿತ್ರ ನ್ಯಾಯಶಾಸ್ತ್ರವನ್ನು ಯಾವ ಪಂಡಿತನೂ ಸಮರ್ಥಿಸಲಾರನು. ಕೆಲವರು ದಾವೆ ಹೂಡಿದರು. 2016ರಲ್ಲಿ ಅದು ವಜಾ ಆಯಿತು.

ಅಲ್ಲಿ ಅಮೆರಿಕದವನಿಗೆ ಯೋಗ್ಯತೆಯಿಲ್ಲ, ಇಲ್ಲಿ ಕನ್ನಡಿಗನಿಗೆ ಯೋಗ್ಯತೆಯಿಲ್ಲ. ಹಾಗಾದರೆ ಯೋಗ್ಯತೆಯಿರುವುದು ಎಲ್ಲಿ? ಸಂಬಳದ ಪಟ್ಟಿಯಲ್ಲಿ ನೋಡಿದರೆ ಉತ್ತರ ದೊರೆಯುವುದು. ಹೊಸ ಪದವೀಧರನಿಗೆ ದೊಡ್ಡ ಕಂಪೆನಿಗಳು ಕೊಡುವ ಸಂಬಳ ಹತ್ತು ವರ್ಷಗಳಿಗೂ ಮಿಗಿಲಾಗಿ ವರ್ಷಕ್ಕೆ ಮೂರು, ಮೂರೂವರೆ ಲಕ್ಷ ರೂಪಾಯಿಗಳ ಸುತ್ತಮುತ್ತಲೇ ನಿಂತಿರುತ್ತದೆ. 2024ರಲ್ಲಿ ಒಂದು ಕಂಪೆನಿ, ಇಂಜಿನಿಯರಲ್ಲದ ಪದವೀಧರರಿಗೆಂದು, 2 ಲಕ್ಷದ 52 ಸಾವಿರಕ್ಕೆ ಕರೆ ಕೊಟ್ಟು ದೇಶದ ನಗೆಗೆ ಗುರಿಯಾಯಿತು. ಇಂದಿರಾನಗರದಲ್ಲಿ ಈ ವರಮಾನದಿಂದ ಒಂದು ಕೋಣೆಯ ಬಾಡಿಗೆಯನ್ನು ಕೊಟ್ಟು ಮರ್ಯಾದೆಯಿಂದ ಊಟ ಮಾಡುವುದು ಕಷ್ಟ. ದೂರದೂರಿನಿಂದ ಬಂದು ನಾಲ್ವರು ಒಂದು ಕೋಣೆಯಲ್ಲಿ ಮಲಗುವ ಹುಡುಗನು ಇದಕ್ಕೆ ಒಪ್ಪುತ್ತಾನೆ. ಒಪ್ಪದೆ ಅವನಿಗೆ ಗತಿಯಿಲ್ಲ. ಅವನನ್ನು ಬಯ್ಯುವುದು, ಬಾಣವನ್ನು ಬಿಟ್ಟವನನ್ನು ಬಿಟ್ಟು ಬಾಣವನ್ನು ಬಯ್ದಂತೆ.

ಈ ಪೂರ್ವ ಬೆಂಗಳೂರಿನ ಚರಿತ್ರೆಯಲ್ಲಿಯೇ ಎರಡು ಮಾದರಿಗಳಿವೆ. 1948ರಲ್ಲಿ ಕೃಷ್ಣರಾಜಪುರದ ಬಳಿ ಭಾರತೀಯ ದೂರವಾಣಿ ಕಾರ್ಖಾನೆ ಹುಟ್ಟಿತು; ಸ್ವತಂತ್ರ ಭಾರತದ ಮೊದಲನೆಯ ಸಾರ್ವಜನಿಕ ಉದ್ಯಮವೆಂಬ ಖ್ಯಾತಿ ಅದರದು. ಅದರ ಸುತ್ತ ದೂರವಾಣಿನಗರವೆಂಬ ಊರೇ ಬೆಳೆಯಿತು. ಕುಶಲರು ಸಿಕ್ಕುವುದಿಲ್ಲವೆಂದು ಆ ಕಾರ್ಖಾನೆ ಗೋಳಾಡಲಿಲ್ಲ, ಕುಶಲರನ್ನು ತಾನೇ ತಯಾರಿಸಿತು. ಸುತ್ತಣ ಹಳ್ಳಿಗಳ ರೈತರ ಮಕ್ಕಳೂ ದಂಡಿನ ತಮಿಳು, ಉರ್ದು, ಆಂಗ್ಲೋ-ಇಂಡಿಯನ್ ಮನೆಗಳ ಮಕ್ಕಳೂ ಒಂದೇ ಮೇಜಿನ ಮುಂದೆ ಕುಳಿತು ನಾಡಿನ ಕಪ್ಪು ದೂರವಾಣಿಗಳನ್ನು ಜೋಡಿಸಿದರು. 1991ರ ಅನಂತರ ಹೊರನಾಡಿನ ಕಂಪೆನಿಗಳಿಗೆ ಈ ಮಾರುಕಟ್ಟೆ ತೆರೆಯಿತು. ಮೊಬೈಲು ಬಂದಮೇಲಂತೂ ಹೊರಗಿನ ಉಪಕರಣಗಳೇ ಎಲ್ಲೆಲ್ಲಿಯೂ ನೆಲಸಿದುವು. ಕಾರ್ಖಾನೆ ಇನ್ನೂ ಇದೆ, ಹಳೆಯ ಹಾಜರಿ ಪುಸ್ತಕದ ಜನಸಂಖ್ಯೆ ಇಲ್ಲ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಅಂತೂ ಈ ಶತಮಾನದ ಮೊದಲ ವರ್ಷಗಳಲ್ಲಿಯೇ ಬಾಗಿಲು ಹಾಕಿತು.

ಎರಡನೆಯದು 1985ರದು. ದಂಡಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ನೆಲೆಯೂರಿತು. ಉಪಗ್ರಹದೊಡನೆ ಮಾತನಾಡುವ ಅದರ ಯಂತ್ರಸಾಮಗ್ರಿ ನಮ್ಮ ಎತ್ತಿನ ಗಾಡಿಯಲ್ಲಿ ಸಾಗಿಬಂದ ಕಥೆ ಊರಿಗೆಲ್ಲ ಪ್ರಿಯವಾದದ್ದು. ಇಲ್ಲಿಯ ಇಂಜಿನಿಯರನಿಗೆ ಅಲ್ಲಿಯವನಿಗಿಂತ ಬಹಳ ಕಡಮೆ ಸಂಬಳ ಸಾಕೆಂಬ ಲೆಕ್ಕವೂ ಆ ಗಾಡಿಯ ಹಿಂದೆಯೇ ಬಂದಿತು. ಹಾಗೆಂದು ಆ ಕಂಪೆನಿಯನ್ನು ಹಳಿಯಲಾರೆ. ನಾಲ್ವತ್ತು ವರ್ಷಗಳಾದರೂ ಅದು ಈ ಊರಿನಲ್ಲಿಯೇ ಉಳಿದಿರಬೇಕಾದರೆ, ಚಿಪ್ಪುಗಳ ವಿನ್ಯಾಸದಂಥ ಕಠಿಣ ವಿದ್ಯೆಯನ್ನು ಇಲ್ಲಿಯವರು ಕರಗತ ಮಾಡಿಕೊಂಡದ್ದರಿಂದಲೇ. ಅದರ ಬೆನ್ನಹಿಂದೆ ಬಂದ ಹಲವು ಗುತ್ತಿಗೆ ಕಂಪೆನಿಗಳಾದರೋ ತಲೆಯೆಣಿಸಿ ಬಾಡಿಗೆಗೆ ಕೊಡುವ ವ್ಯಾಪಾರವನ್ನೇ ಹಿಡಿದುವು. ಅವುಗಳಿಗೆ ಹಲಸೂರಿನ ಪದವೀಧರನ ಮೇಲೆ ದ್ವೇಷವೇನೂ ಇಲ್ಲ, ಬಫೆಲೋದವನ ಮೇಲೂ ಇರಲಿಲ್ಲ. ನಾಳೆ ಇನ್ನೂ ಅಗ್ಗದ ಊರು ಸಿಕ್ಕಿದರೆ, ಅಥವಾ ಸಂಬಳವನ್ನೇ ಕೇಳದ ಯಂತ್ರಬುದ್ಧಿ ಸಿಕ್ಕಿದರೆ, ಅಷ್ಟೇ ನಿರ್ವಿಕಾರವಾಗಿ ಅತ್ತ ಹೋಗುವುವು. 2025ರಲ್ಲಿ ಆಂಧ್ರ ಸರ್ಕಾರವು ವಿಶಾಖಪಟ್ಟಣದಲ್ಲಿ 21 ಎಕರೆಗೂ ಮೀರಿದ ನೆಲವನ್ನು ಟಿಸಿಎಸ್ ಕಂಪೆನಿಗೆ 99 ಪೈಸೆಗೆ ಕೊಟ್ಟಿತಷ್ಟೆ. ಮಿಲ್ಲರ್ಸ್ ರಸ್ತೆಯಲ್ಲಿ ಆ ಹಣಕ್ಕೆ ಒಂದು ಕಡಲೆಕಾಯಿಯ ಪೊಟ್ಟಣವೂ ಬಾರದು.

ನಮ್ಮ ಸರ್ಕಾರದವರ ನಡತೆಯನ್ನೂ ಸ್ವಲ್ಪ ಪರಿಶೀಲಿಸಬೇಕು. ಕೆಲಸಗಾರನ ನೇಮಕ, ಶಿಸ್ತು, ವಜಾ ಇವುಗಳ ನಿಯಮಗಳನ್ನು ಬರೆದು ಪ್ರಕಟಿಸತಕ್ಕದ್ದೆಂದು 1946ರ ಸ್ಥಾಯೀ ಆದೇಶಗಳ ಕಾಯಿದೆ ವಿಧಿಸಿತ್ತು. ಸಾಫ್ಟ್‌ವೇರು ಕಂಪೆನಿಗಳಿಗೆ ಬಹುಕಾಲದಿಂದ ಇದ್ದ ವಿನಾಯಿತಿಯನ್ನು 2024ರ ಜೂನ್ ತಿಂಗಳಲ್ಲಿ ಮತ್ತೆ ಐದು ವರ್ಷ ಮುಂದುವರಿಸಿದರು. ಅಂದರೆ ಆ ಮಸೂದೆಯನ್ನು ಝಳಪಿಸುವುದಕ್ಕೆ ಒಂದು ತಿಂಗಳು ಮೊದಲು! ಎಡಗೈಯಲ್ಲಿ ವಿನಾಯಿತಿ, ಬಲಗೈಯಲ್ಲಿ ಮರದ ಕತ್ತಿ. ಮೀಸಲಿನ ಮಸೂದೆ ಕಾಯಿದೆಯಾಗಿದ್ದರೂ ಉಳಿಯುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. ಸ್ಥಳೀಯರಿಗೆ ನೂರಕ್ಕೆ 75ನ್ನು ಕಾದಿರಿಸಿದ ಹರಿಯಾಣದ ಕಾಯಿದೆಯನ್ನು 2023ರ ನವೆಂಬರಿನಲ್ಲಿ ಅಲ್ಲಿಯ ಹೈಕೋರ್ಟು ರದ್ದುಪಡಿಸಿದ್ದು ಮಂತ್ರಿಗಳಿಗೆ ತಿಳಿಯದ ವಿಷಯವಲ್ಲ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯಿಂದ ನಿರುದ್ಯೋಗಿ ಪದವೀಧರನಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿ ಕೊಡಲು ನಿಶ್ಚಯಿಸಿದರು. ಹಸಿದವನಿಗೆ ಅದು ಬೇಡವೆನ್ನಲಾಗದು. ಆದರೆ ಅದು ಕಸುಬನ್ನು ಕಲಿಸುವುದಿಲ್ಲ.

ಕಲಿಸುವ ಕಾಯಿದೆ ಬೇರೆ ಇದೆ, ಅದಕ್ಕೆ ಯಾವ ಹೈಕೋರ್ಟಿನ ಭಯವೂ ಇಲ್ಲ. 1961ರ ಶಿಶಿಕ್ಷು ಕಾಯಿದೆಯ ಈಗಿನ ನಿಯಮಗಳಂತೆ, 30 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿಯೊಂದು ಸಂಸ್ಥೆಯೂ ತನ್ನ ಸಿಬ್ಬಂದಿಯ ನೂರಕ್ಕೆ 2.5ರಿಂದ 15ರಷ್ಟು ಶಿಶಿಕ್ಷುಗಳನ್ನು, ಎಂದರೆ ಸಂಭಾವನೆ ಪಡೆದು ಕೆಲಸ ಕಲಿಯುವವರನ್ನು, ಇಟ್ಟುಕೊಳ್ಳಲೇಬೇಕು. ಈ ಸಾಲುಗಳನ್ನು ಸರಿಯಾಗಿ ಜಾರಿಗೆ ತಂದರೆ ವೈಟ್‌ಫೀಲ್ಡಿನ ಪ್ರತಿಯೊಂದು ಸೌಧವೂ ಒಂದು ದೂರವಾಣಿನಗರವಾಗುವುದು. ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು 1873ರಲ್ಲಿ ದಂಡಿನ ಬಡಮಕ್ಕಳಿಗೆಂದು ಶಾಲೆ ತೆರೆದರು. ಹಲಸೂರಿನ ಬಳಿ ಅವರ ಹೆಸರಿನ ವಿದ್ಯಾಸಂಸ್ಥೆಗಳು ಇಂದಿಗೂ ಇವೆ. ಒಬ್ಬ ವರ್ತಕನು ಸ್ವಂತ ಹಣದಿಂದ ಮಾಡಿದ್ದನ್ನು, ಸರ್ಕಾರದ ನೆಲವನ್ನೂ ಸರ್ಕಾರದ ನೀರನ್ನೂ ಪಡೆದ ಕಂಪೆನಿಗಳು ಕಾಯಿದೆಯ ಬಲವಂತಕ್ಕಾದರೂ ಮಾಡಬಾರದೆ?

ಗೃಹಸ್ಥರಿಗೂ ಒಂದು ಮಾತು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಹೆಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರು ಶುಲ್ಕವನ್ನು ಘೋಷಿಸಿದ ದಿನ ನಮ್ಮ ಎಷ್ಟು ಮನೆಗಳಲ್ಲಿ ಸೂತಕದ ಮೌನ ಕವಿಯಿತು! ಪರದೇಶೀಯನು ತಮ್ಮ ಮಗನ ಸ್ಥಾನಕ್ಕೆ ಬಾರದಿರಲೆಂದು ಅಲ್ಲಿಯ ತಂದೆ ಕೇಳಿದ್ದನ್ನೇ ಇಲ್ಲಿಯ ತಂದೆಯೂ ಕೇಳುತ್ತಿದ್ದಾನೆ. ಇಬ್ಬರಿಗೂ ಸಲ್ಲುವ ಬೇಡಿಕೆ ಒಂದೇ: ಹೊರಗಿನವನಾಗಲಿ ಒಳಗಿನವನಾಗಲಿ, ಒಂದು ಕೆಲಸಕ್ಕೆ ಒಂದೇ ಸಂಬಳ. ಆಗ ಅಗ್ಗದವನನ್ನು ಹುಡುಕಿ ತರುವ ಶ್ರಮ ಕಂಪೆನಿಗೆ ತಾನಾಗಿಯೇ ತಪ್ಪುವುದು.

ಶಿವಾಜಿನಗರ, ಸರ್ ಸಿ. ವಿ. ರಾಮನ್ ನಗರ, ಕೃಷ್ಣರಾಜಪುರ, ಮಹದೇವಪುರ ಈ ನಾಲ್ಕು ಕ್ಷೇತ್ರಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದೇ ಒಂದು ಪ್ರಶ್ನೆಯನ್ನು ಹಾಕಲಿ: ತಮ್ಮ ಕ್ಷೇತ್ರದ ಯಾವ ಯಾವ ಕಂಪೆನಿ ಎಷ್ಟು ಶಿಶಿಕ್ಷುಗಳನ್ನು ಇಟ್ಟುಕೊಂಡಿದೆ, ಅವರಲ್ಲಿ ಎಷ್ಟು ಮಂದಿಗೆ ಖಾಯಂ ಕೆಲಸ ಕೊಟ್ಟಿದೆ, ಎಷ್ಟು ಸಂಬಳಕ್ಕೆ? ಲೆಕ್ಕವನ್ನು ಕಂಪೆನಿವಾರು ಅಚ್ಚು ಹಾಕಿಸಿ ಮೇಜಿನ ಮೇಲಿಡಲಿ.