ಪ್ರಾರ್ಥನೆ ಕಣ್ಣು ಕೊಡದಿದ್ದರೂ ದಾರಿ ಕೊಡುತ್ತದೆ



ಒಂದು ಭಾನುವಾರ ಬಲಿಪೂಜೆ ಮುಗಿದು ಜನರು ಚದುರಿದ ಬಳಿಕ, ದೇವಾಲಯದ ಮೆಟ್ಟಿಲ ಬಳಿ ಒಬ್ಬ ತಾಯಿ ನನ್ನನ್ನು ತಡೆದು ನಿಲ್ಲಿಸಿದರು. ಏಳೆಂಟು ವರ್ಷದ ಮಗ ಅವರ ಸೆರಗು ಹಿಡಿದು ನಿಂತಿದ್ದ. ಅವನ ದೃಷ್ಟಿ ಎತ್ತಲೋ ನೆಟ್ಟಿತ್ತು; ಅವನಿಗೆ ಏನೂ ಕಾಣುತ್ತಿರಲಿಲ್ಲ.

“ಅಣ್ಣಾರ, ದಿನಾ ಜಪಸರ ಹೇಳತೇನ್ರಿ. ನವೇನಾನೂ ಎರಡು ಸಲ ಮುಗಿಸೇನ್ರಿ. ಆದ್ರೂ ಹುಡುಗನ ಕಣ್ಣು ಬರವಲ್ದು. ನಿನ್ನ ವಿಶ್ವಾಸ ಕಡಿಮಿ ಐತಿ, ಅದಕ್ಕ ದೇವರು ಕೇಳವಲ್ಲ ಅಂತ ಮಂದಿ ಅಂತಾರ. ಖರೇ ಏನ್ರಿ?”

ನಾನು ಉತ್ತರಿಸದೆ, ಹುಡುಗ ಶಾಲೆಗೆ ಹೋಗುತ್ತಾನೆಯೇ ಎಂದು ಕೇಳಿದೆ. “ಕಣ್ಣು ಬಂದ ಮ್ಯಾಲೆ ಕಳಸೋಣಂತ ಬಿಟ್ಟೇವ್ರಿ” ಎಂದರು.

ಆ ದಿನ ನನ್ನ ಬಾಯಿಂದ ಸರಿಯಾದ ಉತ್ತರ ಹೊರಡಲಿಲ್ಲ. ಆ ತಾಯಿಯ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಕುಟುಂಬಗಳಲ್ಲಿ ಒಂದಲ್ಲ ಒಂದು ಕಷ್ಟಕ್ಕಾಗಿ ಮೊಣಕಾಲೂರದವರು ಯಾರು? ಕೇಳಿದ್ದು ಸಿಗದೆ ಹೋದಾಗ, ನನ್ನ ಪ್ರಾರ್ಥನೆಯಲ್ಲೇ ಏನೋ ದೋಷವಿದೆಯೆಂದು ಒಳಗೊಳಗೇ ಕೊರಗದವರು ಯಾರು? ಆದಕಾರಣ ಅಂದು ಹೇಳಲಾಗದ ಉತ್ತರವನ್ನು ಇಂದು ಎಲ್ಲರ ಮುಂದೆ ಹೇಳಬಯಸುತ್ತೇನೆ.

ಮೊದಲನೆಯ ಮಾತು: ಮಗುವಿನ ಕುರುಡುತನಕ್ಕೆ ತಾಯಿಯ ಅಲ್ಪವಿಶ್ವಾಸವೇ ಕಾರಣ ಎನ್ನುವುದು ಶುಭಸಂದೇಶದ ಬೋಧನೆಯಲ್ಲ. ಸಂತ ಯೊವಾನ್ನರ ಶುಭಸಂದೇಶದ 9ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಕೇಳುವುದು ಇದೇ ಪ್ರಶ್ನೆಯನ್ನು: ಪಾಪ ಯಾರದು, ಇವನದೋ, ಇವನನ್ನು ಹೆತ್ತವರದೋ? ಇಬ್ಬರದೂ ಅಲ್ಲವೆಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳುತ್ತಾರೆ. ಅವರು ಆ ಮನುಷ್ಯನ ಹಿಂದಣ ಬದುಕಿನಲ್ಲಿ ತಪ್ಪು ಹುಡುಕಲಿಲ್ಲ. ಅವನ ಮುಂದಣ ಬದುಕಿನಲ್ಲಿ ದೇವರ ಕಾರ್ಯ ಪ್ರಕಟವಾಗಬೇಕೆಂದರು. ಎರಡು ಸಾವಿರ ವರ್ಷಗಳ ಹಿಂದೆಯೇ ಪ್ರಭು ತಳ್ಳಿಹಾಕಿದ ಆರೋಪವನ್ನು ನಾವು ಮತ್ತೆ ಎತ್ತಿ ಒಬ್ಬ ಬಡ ತಾಯಿಯ ತಲೆಯ ಮೇಲೆ ಹೊರಿಸುವುದು ಎಂಥ ನ್ಯಾಯ?

ಪವಾಡಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಜೆರಿಕೋ ಪಟ್ಟಣದ ದಾರಿಯಲ್ಲಿ ಕೂಗಿ ಕರೆದ ಬಾರ್ತಿಮಾಯನಿಗೆ ಪ್ರಭು ದೃಷ್ಟಿ ಕೊಟ್ಟರೆಂದು ನಾವು ನಂಬುತ್ತೇವೆ. ಆದರೆ ಪವಾಡದ ವಿಷಯದಲ್ಲಿ ನಮ್ಮ ಧರ್ಮಸಭೆ ಎಷ್ಟು ಎಚ್ಚರಿಕೆಯಿಂದ ನಡೆಯುತ್ತದೆಂಬುದನ್ನು ಗಮನಿಸಬೇಕು. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ಮಾತೆ ಮರಿಯಮ್ಮನವರು ಸಂತ ಬರ್ನದೆತ್ತಳಿಗೆ ದರ್ಶನವಿತ್ತ ಬಳಿಕ ಅಲ್ಲಿಗೆ ಹೋದ ರೋಗಿಗಳ ಸಂಖ್ಯೆ ಲಕ್ಷಗಟ್ಟಲೆ. ಅಲ್ಲಿ ಗುಣವಾಯಿತೆಂದು ಹೇಳಿಕೊಂಡವರನ್ನು ವೈದ್ಯರು ಪರೀಕ್ಷಿಸುತ್ತಾರೆ. ಇಷ್ಟು ದೀರ್ಘ ಕಾಲದಲ್ಲಿ ಧರ್ಮಸಭೆ ಪವಾಡವೆಂದು ಅಧಿಕೃತವಾಗಿ ಒಪ್ಪಿಕೊಂಡ ಪ್ರಕರಣಗಳು ಇನ್ನೂ ನೂರನ್ನು ಮುಟ್ಟಿಲ್ಲ. ಹಾಗಾದರೆ ಗುಣವಾಗದೆ ಮರಳಿದ ಲಕ್ಷಾಂತರ ಜನರೆಲ್ಲ ವಿಶ್ವಾಸವಿಲ್ಲದವರೇ? ಖಂಡಿತ ಅಲ್ಲ. ಅವರಲ್ಲಿ ಅನೇಕರು ಬದುಕನ್ನು ಎದುರಿಸುವ ಧೈರ್ಯ ಹೊತ್ತು ಮನೆಗೆ ಮರಳಿದರು. ಅದೂ ಕೃಪೆಯೇ.

ಕಣ್ಣು ಬಾರದೆಯೂ ಪ್ರಾರ್ಥನೆ ಫಲಿಸಬಲ್ಲದೇ ಎಂದು ಕೇಳುವವರು ದೂರ ಹೋಗಬೇಕಾಗಿಲ್ಲ. ನಮ್ಮ ಗದಗಿನಲ್ಲಿಯೇ ಅದಕ್ಕೆ ಸಾಕ್ಷಿಯಾಗಿ ವೀರೇಶ್ವರ ಪುಣ್ಯಾಶ್ರಮ ನಿಂತಿದೆ. ಅದು ನಮ್ಮ ಧರ್ಮದವರ ಸಂಸ್ಥೆಯಲ್ಲ, ನಿಜ. ಆದರೆ ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸಾರಿದೆ. ಗುಡಿ, ಬಸದಿ, ಮಸೀದಿಗಳು ಒಂದೇ ಊರಿನಲ್ಲಿ ನೆಲೆಸಿರುವ ಲಕ್ಷ್ಮೇಶ್ವರದಲ್ಲಿ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಶಿರಹಟ್ಟಿಯಲ್ಲಿ ಬಾಳುವ ನಮಗೆ, ನೆರೆಯವರ ಭಕ್ತಿಯಿಂದ ಕಲಿಯುವುದು ಹೊಸದೇನೂ ಅಲ್ಲ.

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಅಂಧರಾಗಿ ಹುಟ್ಟಿದರು. ಆ ಕಾಲದಲ್ಲಿ ಬಡವರ ಮನೆಯ ಕುರುಡು ಮಗುವಿನ ಮುಂದೆ ಹೆಚ್ಚು ದಾರಿಗಳಿರಲಿಲ್ಲ. ಬಾಲಕನ ಕಂಠವನ್ನು ಗುರುತಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಅವನ ಸಂಗೀತಾಭ್ಯಾಸಕ್ಕೆ ವ್ಯವಸ್ಥೆ ಮಾಡಿದರು. ಮುಂದೆ ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲೂ ಪಾರಂಗತರಾದ ಗವಾಯಿಗಳು ತಮ್ಮ ವಿದ್ಯೆಯನ್ನು ತಮಗಾಗಿ ಇಟ್ಟುಕೊಳ್ಳಲಿಲ್ಲ. ಅಂಧರನ್ನೂ ಅನಾಥರನ್ನೂ ಬಡಮಕ್ಕಳನ್ನೂ ಕೂಡಿಸಿಕೊಂಡು ಊರೂರು ಅಲೆದು, ಅನ್ನವನ್ನೂ ವಿದ್ಯೆಯನ್ನೂ ಒಟ್ಟಿಗೆ ಕೊಟ್ಟರು. ಆ ಅಲೆದಾಟ ಕೊನೆಗೆ ಗದಗಿನಲ್ಲಿ ನೆಲೆ ಕಂಡಿತು. ಪಂಡಿತ ಬಸವರಾಜ ರಾಜಗುರುಗಳಂಥವರು ಅವರ ಗರಡಿಯಲ್ಲಿ ಪಳಗಿದವರು.

1944ರಲ್ಲಿ ಗುರುಗಳು ತೀರಿಕೊಂಡಾಗ ಆಶ್ರಮದ ಹೊಣೆ ಇನ್ನೊಬ್ಬ ಅಂಧರ ಹೆಗಲಿಗೆ ಬಂದಿತು. ಅವರೇ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು. ನೂರಾರು ಮಕ್ಕಳ ಹೊಟ್ಟೆ ತುಂಬಿಸಲು ಅವರು ನಾಟಕ ಕಂಪನಿ ನಡೆಸಿದರು; ಹತ್ತಾರು ವಾದ್ಯಗಳನ್ನು ಕರಗತ ಮಾಡಿಕೊಂಡರು; ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥ ರಚಿಸಿದರು; ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು. 2010ರಲ್ಲಿ ಪದ್ಮಭೂಷಣ ಗೌರವ ಪಡೆದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲಿಂಗೈಕ್ಯರಾದರು. ದಿನದಿನವೂ ಪೂಜೆಯಲ್ಲಿ ಕುಳಿತ ಆ ಹಿರಿಯರಿಗೆ ದೃಷ್ಟಿ ಮರಳಲಿಲ್ಲ. ಆದರೆ ಅವರ ಪ್ರಾರ್ಥನೆ ವ್ಯರ್ಥವಾಯಿತೆಂದು ಹೇಳುವ ಧೈರ್ಯ ಗದಗಿನಲ್ಲಿ ಯಾರಿಗಿದೆ?

ಅವರ ಕೈಗೆ ಬಂದ ಬ್ರೈಲ್ ಲಿಪಿಯ ಹಿಂದೆ ಇನ್ನೊಂದು ಕಥೆಯಿದೆ. ಅದು ನಮ್ಮ ಕಥೋಲಿಕ ಮನೆಯೊಂದರ ಕಥೆ. ಫ್ರಾನ್ಸಿನ ಕೂಪ್ವ್ರೇ ಎಂಬ ಹಳ್ಳಿಯಲ್ಲಿ 1809ರಲ್ಲಿ, ಕುದುರೆಯ ಜೀನು ಹೊಲಿಯುವವರ ಮನೆಯಲ್ಲಿ ಲೂಯಿ ಬ್ರೈಲ್ ಹುಟ್ಟಿದರು. ಮೂರು ವರ್ಷದ ಮಗು ತಂದೆಯ ಚರ್ಮ ಚುಚ್ಚುವ ಉಳಿಯೊಡನೆ ಆಡುವಾಗ ಅದು ಕಣ್ಣಿಗೆ ತಾಗಿತು. ನಂಜೇರಿ ಎರಡೂ ಕಣ್ಣುಗಳು ಹೋದವು. ಅವರ ಮನೆಯವರೂ ಪ್ರಾರ್ಥಿಸಿರಲಾರರೇ? ಆದರೆ ಅವರು ಕಣ್ಣು ಬರಲೆಂದು ಕಾಯುತ್ತ ಕೂರಲಿಲ್ಲ. ಊರಿನ ಧರ್ಮಗುರುಗಳು ಬಾಲಕನಿಗೆ ಪಾಠ ಹೇಳಿದರು. ಹಳ್ಳಿಯ ಶಾಲೆಗೆ ಅವನನ್ನು ಕಳುಹಿಸಲಾಯಿತು. ಹತ್ತನೆಯ ವಯಸ್ಸಿನಲ್ಲಿ ಪ್ಯಾರಿಸಿನ ಅಂಧರ ಶಾಲೆಗೆ ಸೇರಿಸಲಾಯಿತು. ಹದಿನೈದರ ಹೊತ್ತಿಗೆ ಆ ಹುಡುಗ ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದ್ದ. ಕಾಗದದಲ್ಲಿ ಆ ಚುಕ್ಕೆಗಳನ್ನು ಒತ್ತುವುದು ಮೊನೆಯುಳ್ಳ ಸಣ್ಣ ಉಪಕರಣದಿಂದಲೇ. ಕಣ್ಣು ಕಳೆದ ಉಳಿಯ ಬಳಗದ ವಸ್ತುವೇ ಅಕ್ಷರ ಕೊಡುವ ಸಾಧನವಾಯಿತು. ಪ್ಯಾರಿಸಿನ ದೇವಾಲಯದಲ್ಲಿ ಆರ್ಗನ್ ನುಡಿಸಿ ದೇವರನ್ನು ಸ್ತುತಿಸುತ್ತಿದ್ದ ಬ್ರೈಲ್ 1852ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಅವರು ಕಲಿತ ಶಾಲೆಯೇ ಆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು ಎರಡು ವರ್ಷಗಳ ಬಳಿಕ. ದೇವಾಲಯದ ಆರ್ಗನ್ ವಾದಕರೊಬ್ಬರ ಚುಕ್ಕೆಗಳು ಗದಗಿನ ಗವಾಯಿಗಳ ಬೆರಳಿಗೆ ಬಂದು ಮುಟ್ಟಿದವು. ದೇವರ ಕೃಪೆ ನಡೆಯುವ ದಾರಿ ಎಷ್ಟು ಉದ್ದ, ನೋಡಿರಿ.

ಸಂತ ಪೌಲರ ಅನುಭವವೂ ಇದೇ. ತಮ್ಮ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆದುಹಾಕಬೇಕೆಂದು ಅವರು ಪ್ರಭುವನ್ನು ಮೂರು ಸಲ ಬೇಡಿಕೊಂಡರು. ಮುಳ್ಳು ಹೋಗಲಿಲ್ಲ, ಅದನ್ನು ತಾಳಿಕೊಳ್ಳಲು ಸಾಕಾಗುವಷ್ಟು ಕೃಪೆ ದೊರೆಯಿತು. ಗೆತ್ಸೆಮನೆಯ ತೋಪಿನಲ್ಲಿ ದೇವಪುತ್ರರೇ ಬೇಡಿಕೊಂಡಾಗಲೂ ಕಷ್ಟದ ಪಾತ್ರೆ ದೂರವಾಗಲಿಲ್ಲ. ಪೌಲರ ವಿಶ್ವಾಸ ಕಡಿಮೆಯಾಗಿತ್ತೆಂದಾಗಲಿ, ಯೇಸುಸ್ವಾಮಿಯ ಪ್ರಾರ್ಥನೆಯಲ್ಲಿ ಕೊರತೆಯಿತ್ತೆಂದಾಗಲಿ ಯಾರಾದರೂ ಹೇಳಬಲ್ಲರೇ? ಪ್ರಾರ್ಥನೆ ದೇವರೊಡನೆ ಮಾಡುವ ವ್ಯಾಪಾರವಲ್ಲ. ಇಷ್ಟು ಜಪಸರಕ್ಕೆ ಇಷ್ಟು ಫಲವೆಂದು ಲೆಕ್ಕ ಹಾಕುವವನು ತಂದೆಯೊಡನೆ ಮಾತನಾಡುತ್ತಿಲ್ಲ, ಅಂಗಡಿಕಾರನೊಡನೆ ಚೌಕಾಸಿ ಮಾಡುತ್ತಿದ್ದಾನೆ.

ನಮ್ಮ ಭಾಗದ ರೈತನಿಗೆ ಈ ತತ್ವವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಮುಂಡರಗಿಯ ಸೀಮೆಯಲ್ಲಿ ಒಂದು ಮಗ್ಗುಲಿಗೆ ತುಂಗಭದ್ರೆ ಹರಿದರೂ, ಇನ್ನೊಂದು ಮಗ್ಗುಲಿನ ಹೊಲಗಳು ಮುಗಿಲನ್ನೇ ನೋಡುತ್ತವೆ. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಸಾರಿದಾಗ ಮಳೆಗಾಗಿ ಪ್ರಾರ್ಥಿಸದ ಮನೆಯಿರಲಿಲ್ಲ. ಆದರೆ ದೇವರನ್ನು ನಂಬಿದ ರೈತ ಒಡ್ಡು ಕಟ್ಟುವುದನ್ನು ಬಿಡುವುದಿಲ್ಲ. ಮಳೆ ದೇವರದು, ಒಡ್ಡು ತನ್ನದು ಎಂಬುದನ್ನು ಅವನು ಬಲ್ಲ. ಒಡ್ಡಿಲ್ಲದ ಹೊಲಕ್ಕೆ ಮಳೆ ಬಂದರೂ ನೀರಿನ ಜೊತೆ ಮಣ್ಣೂ ಹರಿದುಹೋಗುತ್ತದೆ.

ಇನ್ನು ಆ ತಾಯಿಗೆ ಹೇಳಬೇಕಾದ ಎರಡನೆಯ ಮಾತು, ವೈದ್ಯರ ಕುರಿತು. ಪ್ರಾರ್ಥನೆಗೆ ಬಲ ಬರಲೆಂದು ಔಷಧಿಯನ್ನು ಬಿಡಿರೆಂದು ಹೇಳುವವರು ಅಲ್ಲಲ್ಲಿ ಇದ್ದಾರೆ. ಅವರ ಮಾತನ್ನು ಕೇಳಬೇಡಿರಿ. ನಮ್ಮ ಪವಿತ್ರ ಗ್ರಂಥದಲ್ಲಿರುವ ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆಂದೂ, ಅವನನ್ನೂ ಔಷಧಿಯನ್ನೂ ಸೃಷ್ಟಿಸಿದವರು ದೇವರೇ ಎಂದೂ ತಿಳಿಸುತ್ತದೆ. ಕಾಯಿಲೆ ಬಂದಾಗ ಮೊದಲು ಪ್ರಾರ್ಥಿಸಿ, ಆಮೇಲೆ ವೈದ್ಯನಿಗೆ ಎಡೆಮಾಡಿಕೊಡಬೇಕೆಂದು ಬೋಧಿಸುತ್ತದೆ. ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನವರು ಪ್ರಾರ್ಥನಾಲಯದ ಜೊತೆಗೆ ಆಸ್ಪತ್ರೆಯನ್ನೂ ಕಟ್ಟಿದ್ದು ಇದೇ ಅರಿವಿನಿಂದಲೇ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕಣ್ಣಿನಲ್ಲಿ ಪೊರೆ ಇರುತ್ತದೆ. ಬೇಗನೆ ಶಸ್ತ್ರಚಿಕಿತ್ಸೆಯಾದರೆ ದೃಷ್ಟಿ ಉಳಿಯಬಹುದು. ತಡವಾದರೆ ಮೆದುಳು ನೋಡುವುದನ್ನೇ ಕಲಿಯದೆ ಹೋಗುತ್ತದೆ. ಅಂಥ ಮಗುವಿನ ಪಾಲಿಗೆ ಒಂದೊಂದು ತಿಂಗಳೂ ಅಮೂಲ್ಯ. ಕಣ್ಣಿನ ವೈದ್ಯರ ಬಳಿಗೆ ನಡೆಯುವ ಹೆಜ್ಜೆಯೂ ಪ್ರಾರ್ಥನೆಯೇ.

ಮೂರನೆಯದು, ಶಾಲೆ. ವೈದ್ಯರು ಕೈಚೆಲ್ಲಿದರೂ ಮಗುವಿನ ಬಾಳು ಮುಗಿಯಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ತೀವ್ರ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ಹುಡುಗ ಮನೆಯಲ್ಲಿ ಕುಳಿತು ಕಳೆದ ಒಂದೊಂದು ವರ್ಷವನ್ನೂ ಮರಳಿ ಕೊಡುವವರಾರು? ಕಣ್ಣು ಬಂದ ಮೇಲೆ ಶಾಲೆ ಎಂದು ಲೂಯಿ ಬ್ರೈಲರ ತಂದೆ ತಾಯಿ ಕಾದಿದ್ದರೆ ಜಗತ್ತಿನ ಅಂಧರಿಗೆ ಅಕ್ಷರ ಸಿಗುವುದು ಎಷ್ಟು ತಡವಾಗುತ್ತಿತ್ತೋ! ಕುಮಾರಸ್ವಾಮಿಗಳು ಕಾದಿದ್ದರೆ ಗದಗಿಗೆ ಪುಣ್ಯಾಶ್ರಮವೇ ಇರುತ್ತಿರಲಿಲ್ಲ.

ಆದರೆ ಇದೆಲ್ಲವನ್ನೂ ಆ ತಾಯಿಯೊಬ್ಬರೇ ಮಾಡಬೇಕೆಂದರೆ ಅದು ಮತ್ತೊಂದು ಹೊರೆಯಾದೀತು. ಇಲ್ಲಿ ನಮ್ಮೆಲ್ಲರ ಪಾಲೂ ಇದೆ. ಗದಗ ಬೆಟಗೇರಿಯಲ್ಲಾಗಲಿ, ಉಳಿದ ಮೂರು ಊರುಗಳಲ್ಲಾಗಲಿ ನಾವು ಕಥೋಲಿಕರು ಕೆಲವೇ ಮನೆಯವರು. ಒಬ್ಬರ ಕಷ್ಟ ಇನ್ನೊಬ್ಬರಿಗೆ ತಿಳಿಯದಷ್ಟು ದೂರದಲ್ಲಿಲ್ಲ. ವಿಶ್ವಾಸ ಸಾಲದೆಂದು ಹೇಳುವ ಬದಲು, ಆಸ್ಪತ್ರೆಗೆ ಜೊತೆಗೆ ಹೋಗುವವರು ನಮ್ಮಲ್ಲಿ ಒಬ್ಬರಿರಲಿ. ಕಚೇರಿಯ ಕಾಗದಪತ್ರ ಬರೆದುಕೊಡುವ ಯುವಕರಿರಲಿ. ಆ ತಾಯಿ ಹೊಲದ ಕೆಲಸಕ್ಕೋ ಮಗ್ಗದ ಕೆಲಸಕ್ಕೋ ಹೋದಾಗ ಹುಡುಗನನ್ನು ಶಾಲೆಗೆ ಕರೆದೊಯ್ಯುವ ಮನೆ ಇರಲಿ. ಕಾರ್ಯವಿಲ್ಲದ ವಿಶ್ವಾಸ ನಿರ್ಜೀವವೆಂದು ಸಂತ ಯಾಕೋಬರು ಎಚ್ಚರಿಸಿದ್ದು ಇದನ್ನೇ. ನಾವು ಪರರಿಗಾಗಿ ಮಾಡುವ ಪ್ರಾರ್ಥನೆಗೆ ಉತ್ತರವಾಗಿ ದೇವರು ಅನೇಕ ವೇಳೆ ನಮ್ಮನ್ನೇ ಕಳುಹಿಸುತ್ತಾರೆ.

ಆದುದರಿಂದ, ಸಹೋದರಿಯೇ, ನಿಮ್ಮ ವಿಶ್ವಾಸ ಕಡಿಮೆಯಾಗಿಲ್ಲ. ಎರಡು ನವೇನ ಮುಗಿಸಿಯೂ ಫಲ ಕಾಣದೆ, ಮೂರನೆಯ ಬಾರಿಗೆ ಜಪಸರ ಹಿಡಿಯುವ ಕೈಯಲ್ಲಿರುವುದು ದೊಡ್ಡ ವಿಶ್ವಾಸವೇ. ಆ ಜಪಸರವನ್ನು ಕೆಳಗಿಡಬೇಡಿರಿ. ಒಂದು ಕೈಯಲ್ಲಿ ಅದಿರಲಿ. ಇನ್ನೊಂದು ಕೈಯಿಂದ ಮಗನ ಕೈ ಹಿಡಿದು, ಮೊದಲು ವೈದ್ಯರ ಬಾಗಿಲಿಗೆ, ಅಲ್ಲಿಂದ ಶಾಲೆಯ ಬಾಗಿಲಿಗೆ ನಡೆಯಿರಿ. ಮುಂದಿನ ಭಾನುವಾರ ಅದೇ ಮೆಟ್ಟಿಲ ಬಳಿ ನಾನು ಕಾದಿರುತ್ತೇನೆ, ನಿಮ್ಮೊಡನೆ ಬರುತ್ತೇನೆ.

ಸ್ವರ್ಗೀಯ ತಂದೆ ನಿಮ್ಮ ಮನೆಯನ್ನೂ ನಮ್ಮೆಲ್ಲರ ಮನೆಗಳನ್ನೂ ಆಶೀರ್ವದಿಸಲಿ.