ಮೊಬೈಲ್ ಸೇವೆಗೆ ಗೂಗಲ್ ಪ್ರವೇಶ: ಬಂಡವಾಳ ದೊಡ್ಡದೋ, ಕರಾರು ದೊಡ್ಡದೋ?

ಅಪಾರ ಬಂಡವಾಳವುಳ್ಳ ಸಂಸ್ಥೆಯೊಂದು ಹೊಸ ವ್ಯಾಪಾರಕ್ಕೆ ಕಾಲಿಟ್ಟಿತೆಂದರೆ ಎರಡು ಬಗೆಯ ಮಾತು ಕೇಳಿಬರುವುದು ವಾಡಿಕೆ. 'ಆನೆ ನಡೆದದ್ದೇ ದಾರಿ, ಇನ್ನು ನಮಗೆ ಉಳಿಗಾಲವಿಲ್ಲ' ಎಂದು ಆ ವ್ಯಾಪಾರದ ಹಳಬರು ಕೈಚೆಲ್ಲುತ್ತಾರೆ. 'ಪೈಪೋಟಿ ಹೆಚ್ಚಿದರೆ ದರ ಇಳಿಯುತ್ತದೆ, ಒಳ್ಳೆಯದೇ ಆಯಿತು' ಎಂದು ಗ್ರಾಹಕರು ಸಂತೋಷಪಡುತ್ತಾರೆ. ಈ ಎರಡೂ ಅಭಿಪ್ರಾಯಗಳ ತಳಹದಿ ಒಂದೇ ಆಗಿದೆ: ಹಣವುಳ್ಳವನು ಮಾರುಕಟ್ಟೆಯನ್ನು ತನ್ನಿಚ್ಛೆಯಂತೆ ಬದಲಿಸಬಲ್ಲನೆಂಬ ನಂಬಿಕೆ. ಅಮೆರಿಕದ ಮೊಬೈಲ್ ಸೇವೆಯ ಕ್ಷೇತ್ರಕ್ಕೆ ಗೂಗಲ್ ಪ್ರವೇಶಿಸಿದ ಪ್ರಸಂಗವು ಈ ನಂಬಿಕೆಯನ್ನು ಒರೆಗೆ ಹಚ್ಚಲು ಉತ್ತಮ ನಿದರ್ಶನ. ಲೆಕ್ಕಪತ್ರಗಳ ದೃಷ್ಟಿಯಿಂದ ಅದನ್ನು ನೋಡಿದಾಗ ನನಗೆ ತೋರುವುದಿಷ್ಟು: ಪೈಪೋಟಿಯನ್ನು ನಿರ್ಧರಿಸುವುದು ಹೊಸಬನ ಬಂಡವಾಳವಲ್ಲ, ಅವನು ಯಾವ ಕರಾರಿನ ಮೇಲೆ ಮಾರುಕಟ್ಟೆಯೊಳಗೆ ಬಂದಿದ್ದಾನೆ ಎಂಬುದು.

ಸೋತರೂ ಫಲ ನೀಡಿದ ಹರಾಜು

ಗೂಗಲ್‌ನ ಮೊದಲ ಪ್ರಯತ್ನ 2007ರದು. ದೂರದರ್ಶನ ಪ್ರಸಾರವು ಡಿಜಿಟಲ್ ಪದ್ಧತಿಗೆ ಬದಲಾಗುತ್ತಿದ್ದುದರಿಂದ ತೆರವಾಗಲಿದ್ದ 700 ಮೆಗಾಹರ್ಟ್ಸ್ ತರಂಗಾಂತರಗಳನ್ನು ಹರಾಜು ಹಾಕಲು ಅಲ್ಲಿನ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಸಿದ್ಧವಾಗಿತ್ತು. ಈ ತರಂಗಗಳು ಬಹುದೂರ ಸಾಗುತ್ತವೆ, ಗೋಡೆಗಳನ್ನೂ ಭೇದಿಸುತ್ತವೆ. ಆದ್ದರಿಂದ ಕಡಿಮೆ ಗೋಪುರಗಳಲ್ಲಿ ಹೆಚ್ಚು ಪ್ರದೇಶಕ್ಕೆ ಸೇವೆ ನೀಡಬಹುದು. ಅಂದಿನ ಅಮೆರಿಕದಲ್ಲಿ ಗ್ರಾಹಕನು ಯಾವ ಫೋನು ಬಳಸಬೇಕು, ಅದರಲ್ಲಿ ಯಾವ ತಂತ್ರಾಂಶವಿರಬೇಕು ಎಂಬುದನ್ನು ಬಹುಮಟ್ಟಿಗೆ ಸೇವಾ ಕಂಪನಿಗಳೇ ತೀರ್ಮಾನಿಸುತ್ತಿದ್ದವು.

ನಾಲ್ಕು ಷರತ್ತುಗಳನ್ನು ಒಪ್ಪಿದರೆ ಕನಿಷ್ಠ 460 ಕೋಟಿ ಡಾಲರ್ ಕೂಗುವುದಾಗಿ 2007ರ ಜುಲೈನಲ್ಲಿ ಗೂಗಲ್ ತಿಳಿಸಿತು. ಹರಾಜಿನ ಒಂದು ಭಾಗಕ್ಕೆ, ಅಂದರೆ 'ಸಿ' ವಿಭಾಗಕ್ಕೆ, ಆಯೋಗವು ಅವುಗಳಲ್ಲಿ ಎರಡನ್ನು ಅನ್ವಯಿಸಿತು. ಗ್ರಾಹಕನು ತನಗಿಷ್ಟವಾದ ಉಪಕರಣವನ್ನು ಬಳಸಬಹುದು. ತನಗಿಷ್ಟವಾದ ತಂತ್ರಾಂಶವನ್ನು ಬಳಸಬಹುದು. ಜಾಲದ ಸಾಮರ್ಥ್ಯವನ್ನು ಇತರರಿಗೆ ಸಗಟು ದರದಲ್ಲಿ ಮಾರಲೇಬೇಕೆಂಬ ಷರತ್ತನ್ನು ಆಯೋಗ ಒಪ್ಪಲಿಲ್ಲ. ಓದುಗರು ಇದನ್ನು ನೆನಪಿನಲ್ಲಿಡಬೇಕು.

2008ರ ಜನವರಿಯಿಂದ ಮಾರ್ಚ್‌ವರೆಗೆ ಹರಾಜು ನಡೆಯಿತು. 'ಸಿ' ವಿಭಾಗಕ್ಕೆ ನಿಗದಿಯಾಗಿದ್ದ ಸುಮಾರು 460 ಕೋಟಿ ಡಾಲರ್ ಕನಿಷ್ಠ ಬೆಲೆ ಬಾರದಿದ್ದರೆ ಷರತ್ತುಗಳು ಬಿದ್ದುಹೋಗುತ್ತಿದ್ದವು. ಆ ಬೆಲೆ ಮುಟ್ಟುವವರೆಗೆ ಗೂಗಲ್ ಕೂಗಿತು. ಬಳಿಕ ವೆರಿಝೋನ್ ವೈರ್‌ಲೆಸ್ ಸುಮಾರು 474 ಕೋಟಿ ಡಾಲರಿಗೆ ಗೆದ್ದುಕೊಂಡಿತು. ಗೂಗಲ್‌ಗೆ ತರಂಗಾಂತರ ಸಿಗಲಿಲ್ಲ, ಅದರ ಖಜಾನೆಯಿಂದ ಆ ಹಣ ಹೊರಗೆ ಹೋಗಲೂ ಇಲ್ಲ. ಆದರೆ ತನಗೆ ಬೇಕಾಗಿದ್ದ ಎರಡು ನಿಯಮಗಳು ಮಾತ್ರ ಉಳಿದುಕೊಂಡವು. ಮಾರುಕಟ್ಟೆಯನ್ನು ಬದಲಿಸಿದ್ದು ಇಲ್ಲಿ ಹಣವಲ್ಲ, ನಿಯಮ.

ಬಾಡಿಗೆ ಮಳಿಗೆಯ ವ್ಯಾಪಾರ

2015ರ ಏಪ್ರಿಲ್‌ನಲ್ಲಿ ಗೂಗಲ್ 'ಪ್ರಾಜೆಕ್ಟ್ ಫೈ' ಎಂಬ ಹೆಸರಿನಲ್ಲಿ ತಾನೇ ಮೊಬೈಲ್ ಸೇವೆ ಆರಂಭಿಸಿತು. ಮಾತು ಮತ್ತು ಸಂದೇಶಕ್ಕೆ ತಿಂಗಳಿಗೆ 20 ಡಾಲರ್. ಡೇಟಾಕ್ಕೆ ಪ್ರತಿ ಜಿಬಿಗೆ 10 ಡಾಲರ್. ಬಳಸದೆ ಉಳಿದ ಡೇಟಾದ ಹಣ ಮುಂದಿನ ಬಿಲ್ಲಿನಲ್ಲಿ ಜಮಾ. ಬಳಸಿದಷ್ಟಕ್ಕೇ ಹಣ ಎಂಬ ಈ ಪದ್ಧತಿ ಗ್ರಾಹಕನಿಗೆ ನ್ಯಾಯವಾಗಿ ಕಂಡಿತು. ಆದರೆ ಗೂಗಲ್ ಗೋಪುರ ಕಟ್ಟಲಿಲ್ಲ. ದೇಶದ ನಾಲ್ಕು ದೊಡ್ಡ ಕಂಪನಿಗಳಲ್ಲಿ ಗಾತ್ರದಲ್ಲಿ ಹಿಂದಿದ್ದ ಸ್ಪ್ರಿಂಟ್ ಮತ್ತು ಟಿ-ಮೊಬೈಲ್‌ಗಳ ಜಾಲವನ್ನು ಸಗಟಾಗಿ ಪಡೆದು ಚಿಲ್ಲರೆಯಾಗಿ ಮಾರಿತು. ದೊಡ್ಡ ಪ್ರಮಾಣದಲ್ಲಿ ಜಾಲ ನಡೆಸುವ ಉದ್ದೇಶ ತಮಗಿಲ್ಲವೆಂದು, ಆಗ ಗೂಗಲ್‌ನ ಉತ್ಪನ್ನಗಳ ಹೊಣೆ ಹೊತ್ತಿದ್ದ ಸುಂದರ್ ಪಿಚೈ ಅವರೂ ಸ್ಪಷ್ಟಪಡಿಸಿದ್ದರು. ಆರಂಭದಲ್ಲಿ ನೆಕ್ಸಸ್ 6 ಎಂಬ ಒಂದೇ ಫೋನಿನಲ್ಲಿ, ಆಹ್ವಾನ ಪಡೆದವರಿಗಷ್ಟೇ ಈ ಸೇವೆ ದೊರೆಯುತ್ತಿತ್ತು.

ಬಾಡಿಗೆ ಮಳಿಗೆಯಲ್ಲಿ ಅಂಗಡಿ ನಡೆಸುವ ನಮ್ಮ ಸದಸ್ಯರಿಗೆ ಇದರ ಲೆಕ್ಕಾಚಾರವನ್ನು ವಿವರಿಸಬೇಕಾಗಿಲ್ಲ. ಗೋಪುರ ಮತ್ತು ತರಂಗಾಂತರಗಳ ಒಡೆಯನಿಗೆ ಅವು ಸ್ಥಿರ ವೆಚ್ಚ. ಜಾಲದಲ್ಲಿ ತೆರವಿರುವವರೆಗೆ ಇನ್ನೊಬ್ಬ ಗ್ರಾಹಕ ಸೇರಿದರೆ ಅವನಿಗೆ ತಗಲುವ ಹೆಚ್ಚುವರಿ ಖರ್ಚು ಅತ್ಯಲ್ಪ. ಅಳತೆಯ ಮೇಲೆ ಸಗಟು ಖರೀದಿ ಮಾಡುವ ಬಾಡಿಗೆದಾರನಿಗಾದರೋ ಮಾರಿದ ಪ್ರತಿ ಜಿಬಿಯೂ ಕೊಂಡು ತಂದ ಸರಕು. ಒಡೆಯನು ದರ ಇಳಿಸಿದಾಗ ಬಾಡಿಗೆದಾರನ ಲಾಭಾಂಶ ಕರಗುತ್ತದೆ. ಆದದ್ದೂ ಹಾಗೆಯೇ. 2017ರ ಫೆಬ್ರವರಿಯಲ್ಲಿ ವೆರಿಝೋನ್ ಮಿತಿಯಿಲ್ಲದ ಡೇಟಾ ಯೋಜನೆಯನ್ನು ಮತ್ತೆ ತಂದಿತು. ಎಟಿ ಅಂಡ್ ಟಿ ಕೂಡ ಅದೇ ತಿಂಗಳು ತನ್ನ ಯೋಜನೆಯನ್ನು ಎಲ್ಲ ಗ್ರಾಹಕರಿಗೂ ತೆರೆಯಿತು. ಗೂಗಲ್ 2018ರ ಜನವರಿಯಲ್ಲಿ, ಒಬ್ಬ ಗ್ರಾಹಕನಿಗೆ 6 ಜಿಬಿ ದಾಟಿದ ಮೇಲೆ ಶುಲ್ಕವಿಲ್ಲವೆಂಬ ಮಿತಿ ಹಾಕಿಕೊಂಡಿತು. 2019ರಲ್ಲಿ ತಾನೂ ಮಿತಿಯಿಲ್ಲದ ಯೋಜನೆ ತಂದಿತು. ದರವನ್ನು ಮುನ್ನಡೆಸಲು ಬಂದವನು ದರದ ಹಿಂದೆ ನಡೆಯಬೇಕಾಯಿತು.

ಅಲ್ಲಿನ ದರಸಮರಕ್ಕೆ ಮೂಲ ಕಾರಣ ಬೇರೆಯೇ ಇತ್ತು. 2011ರಲ್ಲಿ ಎಟಿ ಅಂಡ್ ಟಿ ಕಂಪನಿಯು ಟಿ-ಮೊಬೈಲನ್ನು 3,900 ಕೋಟಿ ಡಾಲರಿಗೆ ಕೊಳ್ಳಹೊರಟಾಗ ಸರ್ಕಾರ ನ್ಯಾಯಾಲಯದ ಮೆಟ್ಟಿಲೇರಿತು, ವ್ಯವಹಾರ ಮುರಿದುಬಿತ್ತು. ಸ್ವಂತ ಕಾಲಿನ ಮೇಲೆ ನಿಲ್ಲಲೇಬೇಕಾದ ಟಿ-ಮೊಬೈಲ್ 2013ರಲ್ಲಿ ಎರಡು ವರ್ಷಗಳ ಕಡ್ಡಾಯ ಒಪ್ಪಂದವನ್ನು ಕೈಬಿಟ್ಟು ಗ್ರಾಹಕರನ್ನು ಸೆಳೆಯಿತು, ಉಳಿದವರು ಅನುಸರಿಸಿದರು. ನಾಲ್ವರು ಒಡೆಯರನ್ನು ನಾಲ್ವರಾಗಿಯೇ ಉಳಿಸಿದ ಒಂದು ತೀರ್ಮಾನ, ಗೂಗಲ್‌ನ ಪ್ರವೇಶಕ್ಕಿಂತ ಹೆಚ್ಚಿನ ಪರಿಣಾಮ ಬೀರಿತೆಂಬುದು ನನ್ನ ಅಭಿಪ್ರಾಯ.

ಒಡೆಯರು ಒಂದಾದಾಗ

ಆ ನಾಲ್ವರು ಬಹುಕಾಲ ಉಳಿಯಲಿಲ್ಲ. 2020ರ ಏಪ್ರಿಲ್ 1ರಂದು ಸ್ಪ್ರಿಂಟ್ ಕಂಪನಿಯು ಟಿ-ಮೊಬೈಲ್‌ನಲ್ಲಿ ವಿಲೀನವಾಯಿತು. ಫೈ ಸೇವೆಗೆ 2016ರಲ್ಲಿ ಮೂರನೆಯ ಜಾಲವಾಗಿ ಸೇರಿದ್ದ ಯು.ಎಸ್. ಸೆಲ್ಯುಲರ್‌ನ ಮೊಬೈಲ್ ವ್ಯವಹಾರವನ್ನೂ 2025ರ ಆಗಸ್ಟ್‌ನಲ್ಲಿ ಟಿ-ಮೊಬೈಲ್ ಕೊಂಡಿತು. ಒಬ್ಬನ ಬಳಿ ದರ ಹೆಚ್ಚಾದರೆ ಇನ್ನೊಬ್ಬನ ಬಾಗಿಲು ತಟ್ಟಬಹುದೆಂಬುದೇ ಬಾಡಿಗೆದಾರನ ಚೌಕಾಸಿಯ ಶಕ್ತಿ. ಅವನ ಮೂವರು ಒಡೆಯರೂ ಒಬ್ಬನೇ ಆಗಿಬಿಟ್ಟರೆ ಆ ಶಕ್ತಿ ಎಲ್ಲಿಂದ ಬರಬೇಕು? ಜಗತ್ತಿನ ಅತಿ ಶ್ರೀಮಂತ ಸಂಸ್ಥೆಗಳಲ್ಲೊಂದಾದರೂ ಗೂಗಲ್ ಈ ಮಾರುಕಟ್ಟೆಯಲ್ಲಿ ಒಬ್ಬ ಬಾಡಿಗೆದಾರನಾಗಿಯೇ ಉಳಿಯಿತು.

ಆ ವಿಲೀನಕ್ಕೆ ಒಪ್ಪಿಗೆ ಕೊಡುವಾಗ ಡಿಶ್ ಕಂಪನಿಯನ್ನು ನಾಲ್ಕನೆಯ ಸ್ಪರ್ಧಿಯಾಗಿ ನಿಲ್ಲಿಸುವ ಏರ್ಪಾಡಾಗಿತ್ತು. ಅದೂ ಫಲಿಸಲಿಲ್ಲ. ಅದರ ಮಾತೃಸಂಸ್ಥೆಯಾದ ಎಕೋಸ್ಟಾರ್ 2025ರಲ್ಲಿ ಸುಮಾರು 2,300 ಕೋಟಿ ಡಾಲರ್ ಮೌಲ್ಯದ ತರಂಗಾಂತರವನ್ನು ಎಟಿ ಅಂಡ್ ಟಿಗೂ, ಸುಮಾರು 1,700 ಕೋಟಿ ಡಾಲರ್ ಮೌಲ್ಯದ್ದನ್ನು ಸ್ಪೇಸ್‌ಎಕ್ಸ್‌ಗೂ ಮಾರುವ ಒಪ್ಪಂದಗಳನ್ನು ಘೋಷಿಸಿತು.

ಗಟ್ಟಿ ಕರಾರಿನ ಬಲ

ಹಾಗಾದರೆ ಬಾಡಿಗೆಯ ಜಾಲದಿಂದ ಪೈಪೋಟಿ ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಕರಾರು ಗಟ್ಟಿಯಾಗಿದ್ದರೆ. ಕಾಮ್‌ಕಾಸ್ಟ್ ಮೊದಲಾದ ಕೇಬಲ್ ಕಂಪನಿಗಳು ತಮ್ಮಲ್ಲಿದ್ದ ತರಂಗಾಂತರವನ್ನು 2011ರ ಡಿಸೆಂಬರ್‌ನಲ್ಲಿ ವೆರಿಝೋನ್‌ಗೆ 360 ಕೋಟಿ ಡಾಲರಿಗೆ ಮಾರಲೊಪ್ಪಿದಾಗ, ವೆರಿಝೋನ್ ಜಾಲವನ್ನು ಬಳಸಿ ಮುಂದೆ ತಮ್ಮದೇ ಹೆಸರಿನಲ್ಲಿ ಮೊಬೈಲ್ ಸೇವೆ ಮಾರುವ ಹಕ್ಕನ್ನೂ ಬರೆಸಿಕೊಂಡವು. ಆ ಹಕ್ಕಿನ ಬಲದಿಂದ ಕಾಮ್‌ಕಾಸ್ಟ್ 2017ರಲ್ಲಿಯೂ, ಚಾರ್ಟರ್ 2018ರಲ್ಲಿಯೂ ಸೇವೆ ಆರಂಭಿಸಿದವು. 2025ರ ವೇಳೆಗೆ ಈ ಎರಡು ಕಂಪನಿಗಳ ಮೊಬೈಲ್ ಸಂಪರ್ಕಗಳು ಒಟ್ಟು ಒಂದೂವರೆ ಕೋಟಿಯನ್ನು ಮೀರಿದ್ದವು. ಅವುಗಳಿಗೆ ಮನೆಮನೆಯ ಕೇಬಲ್ ಗ್ರಾಹಕರು ಮೊದಲೇ ಇದ್ದರೆಂಬುದು ನಿಜ. ಆದರೆ ಗೂಗಲ್‌ಗೂ ಗ್ರಾಹಕರ ಕೊರತೆಯಿರಲಿಲ್ಲ. ತನ್ನಲ್ಲಿದ್ದ ಆಸ್ತಿಯನ್ನು ಬಿಟ್ಟುಕೊಡುವ ಹೊತ್ತಿನಲ್ಲೇ ನಾಳೆಯ ಹಕ್ಕನ್ನು ಕಾಗದದ ಮೇಲೆ ಪಡೆದವನು ಬಾಡಿಗೆದಾರನಾದರೂ ಬಲಿಷ್ಠನೇ.

ನಮಗೇನು ಸಂಬಂಧ?

ಅಮೆರಿಕದ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ಅದೇ ಗೂಗಲ್ 2020ರ ಜುಲೈನಲ್ಲಿ 33,737 ಕೋಟಿ ರೂಪಾಯಿಗೆ ಜಿಯೋ ಪ್ಲಾಟ್‌ಫಾರ್ಮ್ಸ್‌ನ ಶೇ. 7.73ರಷ್ಟು ಪಾಲನ್ನು ಕೊಳ್ಳುವುದಾಗಿ ಘೋಷಿಸಿತು. 2022ರ ಜನವರಿಯಲ್ಲಿ ಭಾರ್ತಿ ಏರ್‌ಟೆಲ್‌ನಲ್ಲಿ 100 ಕೋಟಿ ಡಾಲರ್‌ವರೆಗೆ ಹೂಡುವುದಾಗಿ ಪ್ರಕಟಿಸಿತು. ಅಲ್ಲಿ ಬಾಡಿಗೆದಾರನಾದ ಸಂಸ್ಥೆ ಇಲ್ಲಿ ಪರಸ್ಪರ ಸ್ಪರ್ಧಿಸುವ ಎರಡು ಕಂಪನಿಗಳಲ್ಲಿಯೂ ಪಾಲುದಾರ. ಇದರಲ್ಲಿ ಕಾನೂನಿನ ಉಲ್ಲಂಘನೆಯಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಇಂಥ ಪ್ರವೇಶದಿಂದ ಸ್ಪರ್ಧಿಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಡೇಟಾ ದರ ಬಹಳ ಇಳಿಯಿತು, ಅದರ ಪ್ರಯೋಜನವನ್ನು ಸಣ್ಣ ವ್ಯಾಪಾರಿಗಳೂ ಪಡೆದರು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಜಿಯೋ ಬಾಡಿಗೆಗೆ ಬರಲಿಲ್ಲ. ಸ್ವಂತ ಜಾಲ ಕಟ್ಟಿಕೊಂಡು ಬಂದಿತು. ಅದರ ಆರಂಭಿಕ ಉಚಿತ ಸೇವೆಯ ವಿರುದ್ಧ ಏರ್‌ಟೆಲ್ ಸಲ್ಲಿಸಿದ್ದ ದೂರನ್ನು ಭಾರತೀಯ ಸ್ಪರ್ಧಾ ಆಯೋಗವು 2017ರ ಜೂನ್‌ನಲ್ಲಿ ತಳ್ಳಿಹಾಕಿತು. ಹೊಸದಾಗಿ ಬಂದವನನ್ನು ಪ್ರಬಲನೆಂದು ಕರೆಯಲಾಗದು ಎಂಬುದು ಅದರ ನಿಲುವು. ಕಾನೂನಿನ ದೃಷ್ಟಿಯಲ್ಲಿ ಅದು ಸರಿಯಿರಬಹುದು. ಆದರೆ ಇಂದು ಉಳಿದಿರುವುದು ಮೂರು ಖಾಸಗಿ ಕಂಪನಿಗಳು ಮತ್ತು ಸರ್ಕಾರಿ ಸ್ವಾಮ್ಯದ ಸಂಸ್ಥೆ. 2024ರ ಜುಲೈನಲ್ಲಿ ಆ ಮೂರೂ ಖಾಸಗಿ ಕಂಪನಿಗಳು ಬೆನ್ನುಬೆನ್ನಿಗೆ ದರ ಏರಿಸಿದವು. ಪ್ರವೇಶದ ದಿನದ ದರವನ್ನಷ್ಟೇ ನೋಡಿ ಪೈಪೋಟಿಯನ್ನು ಅಳೆಯುವುದು, ಮೊದಲ ತಿಂಗಳ ವಹಿವಾಟು ನೋಡಿ ಇಡೀ ವರ್ಷದ ಆಢಾವೆ ಪತ್ರಿಕೆ ಬರೆದಂತೆ.

ಸ್ವಂತ ಜಾಲವಿಲ್ಲದೆ ಸೇವೆ ಮಾರುವವರಿಗೆ ಪರವಾನಗಿ ನೀಡುವ ನಿಯಮ ನಮ್ಮಲ್ಲಿಯೂ 2016ರಿಂದ ಇದೆ. ಆದರೆ ಜಾಲದ ಒಡೆಯನಿಗೂ ಬಾಡಿಗೆದಾರನಿಗೂ ನಡುವಿನ ದರ ಮತ್ತು ಷರತ್ತುಗಳನ್ನು ಅವರವರ ಒಪ್ಪಂದಕ್ಕೇ ಬಿಡಲಾಗಿದೆ. ಕೊಡಲೇಬೇಕೆಂಬ ಕಟ್ಟುಪಾಡಿಲ್ಲದಾಗ ಯಾವ ಒಡೆಯನು ತನ್ನ ಸ್ಪರ್ಧಿಗೆ ಮಳಿಗೆ ಕೊಟ್ಟಾನು? ಮೊಬೈಲ್ ಸೇವೆಯಲ್ಲಿ ಈ ವ್ಯವಸ್ಥೆ ಬೇರೂರದಿದ್ದುದರಲ್ಲಿ ಆಶ್ಚರ್ಯವಿಲ್ಲ. 2007ರಲ್ಲಿ ಅಮೆರಿಕದ ಆಯೋಗ ಒಪ್ಪದೆ ಬಿಟ್ಟ ಸಗಟು ಮಾರಾಟದ ಷರತ್ತಿನ ಬೆಲೆ ಈಗ ಅರ್ಥವಾದೀತು.

ಆದ್ದರಿಂದ ಮೂರು ವಿಷಯಗಳನ್ನು ಸದಸ್ಯರ ಪರಿಶೀಲನೆಗೆ ಮುಂದಿಡುತ್ತೇನೆ. ಒಂದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಅಭಿಪ್ರಾಯ ಆಹ್ವಾನಿಸಿದಾಗಲೆಲ್ಲ ನಮ್ಮ ಸಂಸ್ಥೆ ದರವನ್ನು ಕುರಿತು ಮಾತ್ರವಲ್ಲದೆ, ಜಾಲದ ಸಗಟು ಬಳಕೆಗೆ ನ್ಯಾಯವಾದ, ಎಲ್ಲರಿಗೂ ಸಮಾನವಾದ ಷರತ್ತುಗಳಿರಬೇಕೆಂದು ಬರೆಯಬೇಕು. ಎರಡು, ಅನೇಕ ವ್ಯಾಪಾರಗಳನ್ನು ನಡೆಸುವ ಸಂಸ್ಥೆ ಹೊಸ ಕ್ಷೇತ್ರಕ್ಕೆ ಬಂದಾಗ ಆ ಕ್ಷೇತ್ರದ ಲಾಭನಷ್ಟವನ್ನು ಪ್ರತ್ಯೇಕವಾಗಿ ತೋರಿಸಬೇಕೆಂದು ಒತ್ತಾಯಿಸಬೇಕು. ಗೂಗಲ್‌ನ ಮಾತೃಸಂಸ್ಥೆಯ ವಾರ್ಷಿಕ ವರದಿಯಲ್ಲಿ ಫೈ ಸೇವೆಗೆ ಪ್ರತ್ಯೇಕ ಲೆಕ್ಕವಿಲ್ಲ. ಜಾಹೀರಾತಿನ ಲಾಭದಿಂದ ಮೊಬೈಲ್ ಸೇವೆಯ ನಷ್ಟ ತುಂಬಲಾಗುತ್ತಿದೆಯೋ ಇಲ್ಲವೋ ಎಂಬುದು ಕಾಣದಿದ್ದರೆ, ಆ ಸೇವೆಯನ್ನೇ ಜೀವನಾಧಾರವಾಗಿ ನಂಬಿದವನು ಯಾರೊಡನೆ ಸ್ಪರ್ಧಿಸುತ್ತಿದ್ದಾನೆಂದು ತಿಳಿಯುವುದಾದರೂ ಹೇಗೆ?

ಮೂರನೆಯದು ನಮ್ಮ ನಮ್ಮ ವ್ಯವಹಾರಕ್ಕೆ ಸಂಬಂಧಿಸಿದ್ದು. ಇಂದು ನಮ್ಮಲ್ಲಿ ಅನೇಕರು ದೊಡ್ಡ ಸಂಸ್ಥೆಗಳ ಮಾರಾಟ ಜಾಲತಾಣ, ಪಾವತಿ ವ್ಯವಸ್ಥೆ, ಗೋದಾಮುಗಳ ಮೇಲೆ ಅವಲಂಬಿತರು. ಅಂದರೆ ನಾವೂ ಬಾಡಿಗೆದಾರರೇ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ದರ ಬದಲಾವಣೆ, ನವೀಕರಣ ಮತ್ತು ಎದುರು ಪಕ್ಷದ ಒಡೆತನ ಬದಲಾದರೆ ನಮ್ಮ ಹಕ್ಕೇನು ಎಂಬ ಮೂರು ಅಂಶಗಳನ್ನು ಓದಿ ನೋಡಬೇಕು. ಸಾಧ್ಯವಾದೆಡೆ ಎರಡನೆಯ ಬಾಗಿಲೊಂದನ್ನು ತೆರೆದಿಟ್ಟುಕೊಳ್ಳಬೇಕು. ಗೂಗಲ್‌ನಂಥ ಸಂಸ್ಥೆಗೇ ಅದರ ಬಂಡವಾಳ ರಕ್ಷಣೆಯಾಗದ ಕಡೆ, ಸಣ್ಣ ವ್ಯಾಪಾರಿಗೆ ರಕ್ಷಣೆಯಾಗುವುದು ಅವನ ಕರಾರು ಪತ್ರವೊಂದೇ.