ಮಣ್ಣಿನ ಚೀಟಿಯಲ್ಲಿ ಸೀಸಕ್ಕೂ ಜಾಗವಿರಲಿ

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರಕ್ಕೆ ಬೆಂಗಳೂರಿನ ಕೊಳಚೆ ನೀರೇ ಆಸರೆಯಾಗಿರುವುದು ನಮ್ಮ ಕಾಲದ ವಿಪರ್ಯಾಸ. 2018ರಲ್ಲಿ ಆರಂಭವಾದ ಕೆ.ಸಿ. ವ್ಯಾಲಿ ಯೋಜನೆಯಡಿ ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ, ಮುಂದೆ ವೇಮಗಲ್‌ಗೆ ಸಮೀಪದ ನರಸಾಪುರ ಕೆರೆಗೆ ಹರಿಯಿತು. ಅದೇ ಜುಲೈನಲ್ಲಿ ನೊರೆ ಕಾಣಿಸಿಕೊಂಡಾಗ ಹೈಕೋರ್ಟ್ ತಡೆ ನೀಡಿತ್ತು. ಆಮೇಲೆ ಹರಿವು ಮುಂದುವರಿಯಿತು. ಬತ್ತಿದ್ದ ಕೊಳವೆಬಾವಿಗಳು ಮರುಜೀವ ಪಡೆದವು ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇದುವರೆಗಿನ ಚರ್ಚೆ ಬಹುಮಟ್ಟಿಗೆ ನೀರಿನ ಸುತ್ತಲೇ ಸುತ್ತಿದೆ. ನನ್ನ ಚಿಂತೆ ಮಣ್ಣಿನದು. ಸೀಸ, ಕ್ಯಾಡ್ಮಿಯಂನಂತಹ ಲೋಹಗಳು ಕೊಳೆತು ನಾಶವಾಗುವುದಿಲ್ಲ. ನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದರೂ ವರ್ಷ ವರ್ಷವೂ ಮಣ್ಣಿನಲ್ಲಿ ಶೇಖರವಾಗಬಲ್ಲವು. ಅಲ್ಲಿಂದ ಕ್ಯಾಡ್ಮಿಯಂ ಸೊಪ್ಪಿನೊಳಗೆ ಸುಲಭವಾಗಿ ಸೇರುತ್ತದೆ.

2023ರಲ್ಲಿ ವರದಿಯಾದ ಎಂಪ್ರಿ ಸಂಸ್ಥೆಯ ಅಧ್ಯಯನ ಬೆಂಗಳೂರಿನ ಮಳಿಗೆಗಳ ತರಕಾರಿಗಳಲ್ಲಿ ಮಿತಿ ಮೀರಿದ ಭಾರಲೋಹಗಳನ್ನು ಗುರುತಿಸಿತು. ಮಳಿಗೆಯಲ್ಲಿ ಕೊಂಡ ಸೊಪ್ಪು ತಾನು ಬೆಳೆದ ಹೊಲದ ಗುರುತು ಹೇಳುವುದಿಲ್ಲ. ಹೀಗಾಗಿ ಅಪವಾದ ಇಡೀ ಜಿಲ್ಲೆಯ ರೈತರ ತಲೆಗೆ ಬರುತ್ತದೆ.

ಪರಿಹಾರದ ಮೊದಲ ಮೆಟ್ಟಿಲು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರವಿರುತ್ತದೆ. ಸಾರಜನಕ, ರಂಜಕ, ಸತು, ತಾಮ್ರ ಎಲ್ಲವೂ ಉಂಟು. ಸೀಸ, ಕ್ಯಾಡ್ಮಿಯಂ ಇಲ್ಲ. ಸತು, ತಾಮ್ರಗಳನ್ನು ಅಳೆಯಲು ಪ್ರಯೋಗಾಲಯದಲ್ಲಿ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಿಂದ ಮಣ್ಣಿನಲ್ಲಿ ಗಿಡಕ್ಕೆ ದಕ್ಕುವ ಲೋಹವನ್ನು ಬಸಿದು ತೆಗೆಯುತ್ತಾರೆ. ಅದೇ ದ್ರಾವಣದಲ್ಲಿ, ಅದೇ ಬಗೆಯ ಉಪಕರಣದಲ್ಲಿ, ದೀಪ ಬದಲಿಸಿ ಸೀಸವನ್ನೂ ಕ್ಯಾಡ್ಮಿಯಮ್ಮನ್ನೂ ಅಳೆಯಬಹುದು. ಅನುಮಾನ ಬಂದ ಹೊಲದ ಮಣ್ಣನ್ನೂ ಸೊಪ್ಪನ್ನೂ ಆಮ್ಲದಲ್ಲಿ ಕರಗಿಸಿ ಒಟ್ಟು ಪ್ರಮಾಣ ತಿಳಿದುಕೊಂಡರಾಯಿತು. ಎಲೆ ತರಕಾರಿಗೆ ಕೋಡೆಕ್ಸ್ ವಿಧಿಸಿರುವ ಮಿತಿ ಕಿಲೋಗೆ ಸೀಸ 0.3, ಕ್ಯಾಡ್ಮಿಯಂ 0.2 ಮಿಲಿಗ್ರಾಂ.

ಇಂಥ ಪರೀಕ್ಷೆಯಿಂದ ಬೆಲೆ ಕುಸಿದೀತೆಂಬ ರೈತರ ಆತಂಕ ಸಹಜವೇ. ಆದರೆ ಬೆಲೆಯನ್ನು ಕೆಡಿಸುವುದು ಅಂಕಿಯಲ್ಲ, ವದಂತಿ. ವೇಮಗಲ್‌ನ ರೈತನ ಕೈಯಲ್ಲಿ ತನ್ನ ಹೊಲದ ಅಂಕಿ ಇದ್ದರೆ ಅದೇ ಅವನಿಗೆ ರಕ್ಷಣೆ. ಅಂಕಿ ಪ್ರತಿಕೂಲವಾಗಿದ್ದರೂ ದಾರಿಗಳುಂಟು: ಆಮ್ಲೀಯ ಮಣ್ಣಿಗೆ ಸುಣ್ಣ ಹಾಕಿದರೆ ಬೇರು ಹೀರುವ ಕ್ಯಾಡ್ಮಿಯಂ ತಗ್ಗುತ್ತದೆ, ಸೊಪ್ಪಿನ ಬದಲು ಹೂವು ಬೆಳೆಯಬಹುದು.

ಇದರ ವೆಚ್ಚವನ್ನು ರೈತನ ಮೇಲೆ ಹೊರಿಸುವುದು ನ್ಯಾಯವಲ್ಲ. ನೀರು ಬೆಂಗಳೂರಿನದು, ಆ ನೀರಿನ ಸೀಮೆಯಲ್ಲಿ ಬೆಳೆದ ಸೊಪ್ಪು ಮರಳಿ ಬರುವುದೂ ಬೆಂಗಳೂರಿನ ಅಡುಗೆಮನೆಗೇ. ಯೋಜನೆಯ ಕೆರೆಗಳ ಅಚ್ಚುಕಟ್ಟಿನ ಮಣ್ಣು ಮತ್ತು ಸೊಪ್ಪನ್ನು ಪ್ರತಿ ವರ್ಷ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸುವ ಹೊಣೆ ಸರ್ಕಾರದ್ದಾಗಬೇಕು.